ಯಾರ ಮೇಲೆ ಹಠ

ಮಗಳು ಹುಟ್ಟಿದ ದಿನ, ಹೆರಿಗೆ ಆಸ್ಪತ್ರೆಯ ಕಬ್ಬಿಣದ ಮಂಚದ ಪಕ್ಕ ನಿಂತು, ನನ್ನ ಹೆಂಡತಿ ಜವರಮ್ಮನಿಗೆ ನಾನೊಂದು ಮಾತು ಕೊಟ್ಟೆ. ಈ ಮಗು ಎಂದಾದರೂ ಹಠ ಕೂತರೆ ಸುಳ್ಳು ಹೇಳಿ ಎಬ್ಬಿಸುವುದಿಲ್ಲ ಎಂದು. ಅವಳು ಆ ಮಾತು ಬೇಡಿದಳು ಎನ್ನಲೂ ಬರುವುದಿಲ್ಲ. ಮಗುವಿನ ಮುಷ್ಟಿ ಬಿಡಿಸುತ್ತಾ, ಗೋಡೆಗೆ ಹೇಳುವ ಹಾಗೆ, "ಇದನ್ನ ಮಾತ್ರ ಹಾಗೆ ಮಾಡ್ಬೇಡಿ. ನಿಮಗಾದ್ರೆ" ಅಂದಳು ಅಷ್ಟೆ. ಮದುವೆಯಾದಾಗಿನಿಂದ ಅವಳು ನನ್ನಿಂದ ಬಯಸಿದ್ದು ಅದೊಂದೇ. ನಾನು ಹೂಂ ಅಂದೆ. ಗಿರಣಿಯಲ್ಲಿ ಯಾರದೋ ರಾಗಿ ಕಾಯುತ್ತಿತ್ತು, ಹೂಂ ಅನ್ನುವುದು ಸುಲಭವಾಗಿತ್ತು.

ಹೊರಗಿನಿಂದ ಬಂದವರು ಹಠ ಅನ್ನುವ ಪದವನ್ನು ಬೇಕಾಬಿಟ್ಟಿ ಬಳಸಿ ನಮ್ಮೂರಿನಲ್ಲಿ ಬೈಸಿಕೊಳ್ಳುತ್ತಾರೆ. ಸ್ಟವ್ ಹತ್ತಿಕೊಳ್ಳದೆ ಹಠ ಮಾಡ್ತಿದೆ ಅನ್ನುತ್ತಾರೆ, ನಿಮ್ಮ ಎಮ್ಮೆ ಹಠಮಾರಿ ಅನ್ನುತ್ತಾರೆ. ನಮ್ಮಲ್ಲಿ ಹಾಗನ್ನುವಂತಿಲ್ಲ. ಎಮ್ಮೆಯದು ಮೊಂಡು. ನಪಾಸಾದವನು ಮತ್ತೆ ಮತ್ತೆ ಪರೀಕ್ಷೆಗೆ ಕಟ್ಟುವುದು ಛಲ. ಅವನು ಊರೆಲ್ಲ ಓಡಾಡಿಕೊಂಡೇ ಇರುತ್ತಾನೆ. ಪಕ್ಕದ ಮನೆಯವರು ಮಹಡಿ ಎಬ್ಬಿಸಿದರೆಂದು ನಾವೂ ಎಬ್ಬಿಸುವುದು ಜಿದ್ದು. ಹಠ ಕೂತವರದು. ಹಠ ಕೂತವರನ್ನು ಅಲ್ಲಿಂದ ಕದಲಿಸಲು ಆಗದು, ಹತ್ತಾಳು ಹಿಡಿದರೂ ಅಷ್ಟೆ, ಎತ್ತು ಕಟ್ಟಿ ಎಳೆದರೂ ಅಷ್ಟೆ. ಮತ್ತೆ, ಹಠ ಯಾವಾಗಲೂ ಒಬ್ಬರ ಮೇಲೆ ಇರುತ್ತದೆ. ಆ ಒಬ್ಬರು ಬಾಯಿಬಿಟ್ಟು 'ಆಯ್ತು' ಅಂದರೆ ಮಾತ್ರ ಕೂತವರು ಏಳುತ್ತಾರೆ. ಅದಕ್ಕೇ ನಮ್ಮೂರಿನಲ್ಲಿ ಯಾರಾದರೂ ಕೂತರೆ ಏನು ಬೇಕಂತೆ ಎಂದು ಮೊದಲು ಕೇಳುವುದಿಲ್ಲ. ಯಾರ ಮೇಲಂತೆ ಎಂದು ಕೇಳುತ್ತೇವೆ. ಕೇಳುತ್ತಲೇ ಒಂದು ಹೆಜ್ಜೆ ಹಿಂದೆ ಸರಿಯುತ್ತೇವೆ.

ಇದಕ್ಕೆ ಊರು ಒಗ್ಗಿಕೊಂಡಿದೆ. ಮನೆ ಕಟ್ಟಿಸುವವರು ಬಾಗಿಲು ಅಗಲ ಇಡಿಸುತ್ತಾರೆ, ಹೊಸ್ತಿಲ ಮೇಲೆ ಮಗು ಕೂತರೂ ದಾಟಿಕೊಂಡು ಹೋಗಲಿ ಎಂದು. ಬಸ್ಸಿನ ಕಂಡಕ್ಟರು ಟಿಕೆಟ್ ಕೊಡುವ ಮೊದಲು ಗಂಡ ಹೆಂಡಿರ ಮುಖ ನೋಡಿ, "ನಿಮ್ಮಿಬ್ಬರದು ಏನಾದ್ರೂ ಇದ್ರೆ ಕೆಳಗೇ ಮುಗಿಸ್ಕೊಂಡು ಹತ್ತಿ ಸ್ವಾಮಿ" ಅನ್ನುತ್ತಾನೆ. ಹಿಂದೊಮ್ಮೆ ಸೀಟಿನಲ್ಲಿ ಒಬ್ಬಾಕೆ ಹಠ ಕೂತು ಬಸ್ಸು ಸ್ಟ್ಯಾಂಡಿನಲ್ಲೇ ಉಳಿದು ಅದರ ಟೈರಿನ ಗಾಳಿಯೆಲ್ಲ ಇಳಿದಿತ್ತು. ಕಲ್ಯಾಣಮಂಟಪದಲ್ಲಿ ಸ್ಕೂಟರಿಗೆಂದು ಕೂತ ಮದುಮಗನ ಅಕ್ಕಪಕ್ಕದಲ್ಲೇ ಬೇರೆಯವರ ಮದುವೆಗಳು ನಡೆದವು. ಊಟದ ಎಲೆ ಅವನಿಗೂ ಹಾಕುತ್ತಿದ್ದರು. ಮೊದಮೊದಲು ಸಂಕೋಚಪಟ್ಟವನು ಆಮೇಲೆ ಪಾಯಸ ಎರಡನೇ ಸಲ ಕೇಳುತ್ತಿದ್ದನಂತೆ.

ಕಷ್ಟ ಇರುವುದು ಕೂತವರು ಬಾಯಿ ಬಿಡದಿರುವುದರಲ್ಲಿ. ಯಾರ ಮೇಲೆ ಹಠವೋ ಅವರು ಎದುರಿಗೆ ಬರುವವರೆಗೆ ಏನು ಬೇಕೆಂದು ಹೇಳುವುದಿಲ್ಲ. ಆಗ ಬೆರಳು ನೋಡುತ್ತಾರೆ. ಒಬ್ಬೊಬ್ಬರಾಗಿ ಬಂದು ಕೂತವರ ಕಿರುಬೆರಳು ಮಡಚಬೇಕು. ಸಂಬಂಧವಿಲ್ಲದವರ ಕೈಗೆ ಬೆರಳು ಎಂದಿನಂತೆ ಮಡಚುತ್ತದೆ. ಹಠ ಯಾರ ಮೇಲೋ ಅವರ ಕೈಯಲ್ಲಿ ಅದು ಸರಳಿನ ಹಾಗೆ ನಿಂತುಬಿಡುತ್ತದೆ. ಬೆರಳು ನೋಡಲು ಕರೆದಾಗ ನಮ್ಮೂರಿನಲ್ಲಿ ಎಷ್ಟು ಜನಕ್ಕೆ ಇದ್ದಕ್ಕಿದ್ದಂತೆ ಸಂತೆಯಲ್ಲಿ ಕೆಲಸ ಬೀಳುತ್ತದೆ ಎಂಬುದನ್ನು ನೋಡಬೇಕು. ಒಬ್ಬರನ್ನೊಬ್ಬರು ನಾವು ನಂಬದಿರಲು ಇದೊಂದೇ ಸಾಕು.

ಸುಳ್ಳಿಗೂ ಕೂತವರು ಏಳುತ್ತಾರೆ. ಕೊಡಿಸ್ತೀನಿ, ಕಳಿಸ್ತೀನಿ ಎಂದರೆ ಎದ್ದು ಬರುತ್ತಾರೆ. ಆಮೇಲೆ ಕೊಡಿಸದೆ, ಕಳಿಸದೆ ಹೋದರೆ ಆ ಮಾತು ಸುಳ್ಳಾದ ಗಳಿಗೆಯಲ್ಲಿ ಅವರೊಳಗಿನದೇನೋ ಇಳಿದುಹೋಗುತ್ತದೆ. ಮತ್ತೆ ಯಾವತ್ತೂ ಹಠ ಕೂರುವುದಿಲ್ಲ. ಯಾರು ಏನು ಹೇಳಿದರೂ ಹೂಂ ಅನ್ನುತ್ತಾರೆ. ಅಂಥವರನ್ನು ಹಗುರಾದವರು ಅನ್ನುತ್ತೇವೆ. ಗಂಡು ಹೆಣ್ಣು ನೋಡುವಾಗ ದಲ್ಲಾಳಿಗಳು ಹುಡುಗನ ತಾಯಿಯ ಕಿವಿಯಲ್ಲಿ, "ಹುಡುಗಿ ಹಗುರ ಕಣಮ್ಮ" ಎಂದು ಪಿಸುಗುಟ್ಟಿದರೆ ಅರ್ಧ ಮಾತುಕತೆ ಮುಗಿದ ಹಾಗೆ.

ಜವರಮ್ಮ ಹಗುರಾದವಳು. ಸಣ್ಣವಳಿದ್ದಾಗ ಶಾಲೆ ಬಿಡಿಸಿದರೆಂದು ಅವಳಪ್ಪನ ಗಾಡಿಯ ಮೂಕಿಯ ಮೇಲೆ ಹಠ ಕೂತಿದ್ದಳಂತೆ. ನಾಳೆಯಿಂದ ಕಳಿಸ್ತೀನಿ ಇಳಿಯವ್ವ ಅಂದರಂತೆ. ಇಳಿದಳು. ಕಳಿಸಲಿಲ್ಲ. ಅವಳನ್ನು ಮದುವೆಯಾಗುವಾಗ ನನಗೂ ಖುಷಿಯೇ ಆಗಿತ್ತು. ದಿನವೆಲ್ಲ ಗಿರಣಿಯ ಬೆಲ್ಟಿನ ಸದ್ದಿನಲ್ಲಿ ಕಿವಿ ಕೆಟ್ಟು ಮನೆಗೆ ಬಂದವನಿಗೆ ಎದುರು ಮಾತಿಲ್ಲದ ಹೆಂಡತಿ ಎಂದರೆ ಸುಖವೇ. ಆದರೆ ಒಂದು ದಿನ, "ಸಿನಿಮಾಕ್ಕೆ ಹೋಗೋಣ್ವಾ?" ಎಂದೆ. "ಹೂಂ" ಅಂದಳು. "ಬೇಡ, ಸುಸ್ತಾಗಿದೆ, ಮಲಗೋಣ್ವಾ?" ಎಂದೆ. "ಹೂಂ." ನಾನು ಸುಮ್ಮನಿರಲಾರದೆ, "ನನ್ನ ಕಟ್ಕೊಂಡಿದ್ದು ನಿನಗೆ ಇಷ್ಟ ಇತ್ತಾ?" ಎಂದು ಕೇಳಿದೆ. "ಹೂಂ" ಅಂದಳು. ಆ ಮೂರನೇ ಹೂಂಗೂ ಮೊದಲಿನ ಎರಡಕ್ಕೂ ನನಗೆ ವ್ಯತ್ಯಾಸ ಕೇಳಿಸಲಿಲ್ಲ. ಅಂದಿನಿಂದ ಅವಳು ಬಡಿಸಿದ ಅನ್ನವನ್ನೂ ಅನುಮಾನದಿಂದಲೇ ಉಂಡಿದ್ದೇನೆ.

ಬೀದಿಯವರಿಗೆಲ್ಲ ಅವಳು ಗೊತ್ತು. ಯಾರ ಹಪ್ಪಳ ಒಣಗಿಸುವುದಿರಲಿ, ಯಾರ ಬಾಣಂತಿಗೆ ನೀರು ಹಾಕುವುದಿರಲಿ, "ಜವರಮ್ಮಂಗೆ ಹೇಳಿ" ಅನ್ನುತ್ತಾರೆ. ಎಲ್ಲರಿಗಿಂತ ಹೆಚ್ಚಾಗಿ ಹೇಳುವವಳು ನನ್ನ ಅಕ್ಕ ಕೆಂಪಾಜಮ್ಮ. ಅಮ್ಮ ತೀರಿಕೊಂಡ ಮೇಲೆ ನನಗೆ ತುತ್ತು ಇಟ್ಟು ಬೆಳೆಸಿದವಳು ಅಕ್ಕನೇ. ಭಾವ ಹೋದ ಮೇಲೆ ಗಿರಣಿ ನಡೆಸು ಎಂದು ನನಗೆ ಬೀಗದ ಕೈ ಕೊಟ್ಟವಳೂ ಅವಳೇ. ಗಿರಣಿ ಈಗಲೂ ಅವಳ ಹೆಸರಿನಲ್ಲಿದೆ, ಗಿರಣಿಯ ಹಿಂದೆ ನಾವಿದ್ದ ಮನೆಯೂ ಅಷ್ಟೆ. ಅವಳಿಗೆ ಮಕ್ಕಳಿಲ್ಲ. ಮೇಲಿನ ಬೀದಿಯ ದೊಡ್ಡ ಮನೆಯಲ್ಲಿ ಒಬ್ಬಳೇ ಇದ್ದಾಳೆ.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಕ್ಕ ಬಂದು ಅಡುಗೆಮನೆಯಲ್ಲಿ ಕೂತು, ನಮ್ಮ ಮಗಳ ಮಾತೆತ್ತಿ, "ಜವರಿ, ನೀಲಿನ ನನ್ನ ಮನೇಲಿ ಬಿಡು. ನನ್ನ ಜೊತೆಗಿರ್ಲಿ. ಇಲ್ಲೇನು ಓದಿ ಕಡಿದು ಗುಡ್ಡೆ ಹಾಕ್ತಾಳೆ" ಎಂದಳಂತೆ. ಜವರಮ್ಮ ಎಂದಿನಂತೆ, "ಹೂಂ ಅತ್ತಿಗೆ" ಅಂದಳಂತೆ. ಸಂಜೆ ಅಕ್ಕ ಗಿರಣಿಯ ಬಾಗಿಲಿಗೆ ಬಂದು, "ಜವರಿ ಒಪ್ಪವಳೆ ಕಣೋ" ಎಂದಳು. ನಾನು ಜೋಳ ಸುರಿಯುತ್ತಿದ್ದೆ. ಅವಳೇ ಒಪ್ಪಿದ ಮೇಲೆ ನಾನು ಹೇಳುವುದೇನಿದೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ನನಗೆ ಬೇಸರವೂ ಆಗಲಿಲ್ಲ. ಶಾಲೆ ಮುಗಿದ ಮಾರನೆಯ ದಿನ ಕರೆದುಕೊಂಡು ಹೋಗುವುದೆಂದು ಮಾತಾಯಿತು.

ನೀಲಾಂಬಿಕೆ ಎಂಬ ಹೆಸರಿನ ನನ್ನ ಮಗಳು ನೀಲಿಗೆ ಒಂಬತ್ತು ವರ್ಷ. ಅವಳು ಆವರೆಗೆ ಒಮ್ಮೆಯೂ ಹಠ ಕೂತವಳಲ್ಲ. ಅಂಗಡಿಯ ಮುಂದೆ ನಿಂತು ಮಿಠಾಯಿಗೆ ಅಳುವುದು, ಕಾಲು ಬಡಿಯುವುದು ಇತ್ತು. ಅದೆಲ್ಲ ರಚ್ಚೆ, ಹಠವಲ್ಲ.

ಶಾಲೆಯ ಕೊನೆಯ ದಿನ, ಶನಿವಾರ, ಅರ್ಧ ದಿನಕ್ಕೇ ಬಿಟ್ಟಿದ್ದರು. ನಾನು ಮೆಣಸಿನಕಾಯಿ ಪುಡಿ ಮಾಡಿಸುತ್ತಾ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದೆ. ನೀರಗಂಟಿ ಹಲಗಯ್ಯ, ಅಂದರೆ ನಾಲೆಯ ತೂಬು ಎತ್ತಿ ಇಳಿಸುವವನು, ಏದುಸಿರು ಬಿಡುತ್ತಾ ಬಂದು, "ಗಿರಣಿಯಣ್ಣ, ನಿನ್ನ ಕೂಸು ನಾಲೆ ಒಳಗೆ ಕೂತದೆ" ಎಂದ. "ಎದ್ದು ಬರ್ತಾಳೆ ಬಿಡು" ಎಂದೆ. "ಕೂತದೆ ಅಂದ್ನಲ್ಲ" ಎಂದ. ನಾನು ಬೆಲ್ಟ್ ತಪ್ಪಿಸಿ ಹಾಗೇ ಓಡಿದೆ.

ನಾಲೆಯಲ್ಲಿ ಹೂಳು ತೆಗೆಸಲೆಂದು ನೀರು ನಿಲ್ಲಿಸಿದ್ದರು. ಶಾಲೆಯ ಮಕ್ಕಳು ಅದರೊಳಗೇ ಅಡ್ಡದಾರಿ ಮಾಡಿಕೊಂಡಿದ್ದರು. ತೂಬಿನ ಕೆಳಗೆ, ಸಿಮೆಂಟು ಹಾಸಿದ ಜಾಗದಲ್ಲಿ, ನೀಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಳು. ಶಾಲೆಯ ಚೀಲ ತೊಡೆಯ ಮೇಲಿತ್ತು. ಏರಿಯ ಮೇಲೆ ಆಗಲೇ ಜನ ಸೇರಿದ್ದರು. ನಾನು ಇಳಿದು ಅವಳ ಕಂಕುಳಿಗೆ ಕೈ ಹಾಕಿ ಎತ್ತಿದೆ. ಮೂಟೆ ಎತ್ತಿ ಗಟ್ಟಿಯಾದ ತೋಳುಗಳು ನನ್ನವು. ಅವಳ ಲಂಗದ ಅಂಚೂ ಅಲ್ಲಾಡಲಿಲ್ಲ.

"ಯಾವಾಗ ಬಿಡ್ತೀಯ ನೀರು?" ಎಂದು ಹಲಗಯ್ಯನನ್ನು ಕೇಳಿದೆ.

"ಬಿಡೋದೇನು ಬಂತು? ಮೇಲಿನ ಕಟ್ಟೇಲಿ ಬೆಳಿಗ್ಗೇನೇ ಬಿಟ್ಟವ್ರೆ. ದೀಪ ಹಚ್ಚೋ ಹೊತ್ಗೆ ಇಲ್ಲಿರ್ತದೆ."

"ಹಲಗೆ ಇಳಿಸಿ ತಡಿ."

"ತಡೀತೀನಿ. ಎಷ್ಟೊತ್ತು ತಡೀಲಿ? ಏರಿ ಒಡೆದ್ರೆ ಕೆಳಗಿನ ಕೇರಿ ಎದ್ದು ಓಡೋಯ್ತದಾ? ಸೈಕಲ್ ಕಳಿಸಿದೀನಿ ಮೇಲಕ್ಕೆ. ನಿಲ್ಸಿದ್ರೂ ಬಿಟ್ಟ ನೀರು ಬಂದೇ ಬರ್ತದೆ ಕಣಣ್ಣ."

ಹಲಗಯ್ಯ ನೀರಿನ ವಿಷಯದಲ್ಲಿ ನಿಜ ಹೇಳಿದ್ದನ್ನು ಕೇಳಿದವರಿಲ್ಲ. ಗದ್ದೆಯವರಿಂದ ಟೀ ಕುಡಿಯಲೆಂದು ಇವತ್ತಿನ ನೀರನ್ನು ನಾಳೆ ಅನ್ನುವವನು, ನಾಳೆಯದನ್ನು ಈಗಲೇ ಅನ್ನುವವನು. ನಾನು ಅವನ ಕಣ್ಣನ್ನೇ ನೋಡಿದೆ. ಅವನು ಬೇರೆ ಕಡೆ ತಿರುಗಿಕೊಂಡ. ಅದೂ ಯಾಕೋ ನಂಬುವಂತಿರಲಿಲ್ಲ.

ಬೆರಳು ನೋಡುವುದು ಶುರುವಾಯಿತು. ಮೊದಲು ನಾನೇ ಹೋದೆ. ಕಿರುಬೆರಳು ಹಿಡಿಯುವಾಗ ನನ್ನ ಕೈಯ ಮೆಣಸಿನ ಖಾರಕ್ಕೆ ಅವಳು ಮುಖ ಸಿಂಡರಿಸಿದಳು. ಬೆರಳು ಮಡಚಿತು. ನನಗೆ ಹೋದ ಉಸಿರು ಬಂದಂತಾಯಿತು, ಮರುಕ್ಷಣವೇ ಏರಿಯ ಮೇಲಿದ್ದ ಒಬ್ಬೊಬ್ಬರ ಮೇಲೂ ಕಣ್ಣು ಹೋಯಿತು. ಮೇಷ್ಟ್ರು ಬಂದರು, ಮಡಚಿತು. ಅವಳ ಪಕ್ಕ ಕೂರುವ ಹುಡುಗಿ ಅಳುತ್ತಾ ಬಂದಳು, ಮಡಚಿತು. ಹೂ ಕಟ್ಟುವ ಸಣ್ಣಜ್ಜಿ ಮಾತ್ರ ಏರಿಯಿಂದ ಇಳಿಯಲೊಲ್ಲಳು. "ನನ್ನ ಮಂಡಿ ನೋವು ನಿನಗೆ ಗೊತ್ತಲ್ಲ ಮರಿಸ್ವಾಮಿ" ಅಂದಳು ನನಗೆ.

"ಬೆಳಿಗ್ಗೆ ಗುಡ್ಡ ಹತ್ತಿ ಹೂ ಕಿತ್ಕೊಂಡು ಬಂದಾಗ ಇಲ್ದೇ ಇದ್ದ ಮಂಡಿ ನೋವು ಈಗೆಲ್ಲಿಂದ ಬಂತಜ್ಜಿ?" ಎಂದು ಯಾರೋ ಕುಟುಕಿದರು.

ಅಜ್ಜಿ ಬೈದುಕೊಳ್ಳುತ್ತಾ ಇಳಿದಳು. ಹೋದ ವಾರ ಮಗು ಕೇಳಿದರೂ ಒಂದು ಮೊಳ ಕನಕಾಂಬರ ಕೊಟ್ಟಿರಲಿಲ್ಲ ಎಂದು ಇಳಿಯುವಷ್ಟರಲ್ಲಿ ತಾನೇ ಒಪ್ಪಿಕೊಂಡಳು. ಬೆರಳು ಮಡಚಿತು. ಅಜ್ಜಿ ಅಲ್ಲೇ ಕೂತು ಅತ್ತಳು.

ನನ್ನ ಅನುಮಾನವೆಲ್ಲ ಅಕ್ಕನ ಮೇಲಿತ್ತು. ನೀಲಿಗೆ ಅಕ್ಕನ ಮನೆಗೆ ಹೋಗುವುದು ಇಷ್ಟವಿರಲಾರದು, ಹಠ ಅಕ್ಕನ ಮೇಲೆಯೇ ಎಂದು ಲೆಕ್ಕ ಹಾಕಿದ್ದೆ. ಅಕ್ಕ ಛತ್ರಿ ಹಿಡಿದು ಬಂದಳು. ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡಳು. "ನನ್ನ ಮೇಲೆ ಅಂದ್ಕೊಂಡೆ ಅಲ್ವೇನೋ?" ಎಂದು ಸೀದಾ ಇಳಿದು, ಎಲ್ಲರಿಗೂ ಕಾಣುವ ಹಾಗೆ ನೀಲಿಯ ಕಿರುಬೆರಳು ಹಿಡಿದು ಮಡಚಿ, ಬಿಚ್ಚಿ, ಇನ್ನೊಮ್ಮೆ ಮಡಚಿದಳು. ಆ ಕೈಯನ್ನು ಮೇಲೆತ್ತಿ ಏರಿಯವರಿಗೆಲ್ಲ ತೋರಿಸಿದಳು.

ಹೊತ್ತು ಇಳಿಯುತ್ತಿತ್ತು. ಬೆರಳು ನೋಡಲು ಇನ್ನು ಯಾರೂ ಉಳಿದಿಲ್ಲ ಎಂದು ಮಾತಾಡಿಕೊಂಡರು. ನೀಲಿ ತಲೆಯೆತ್ತಿ ಏರಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಆಗ ನನಗೆ ಹೊಳೆಯಿತು.

"ಜವರಮ್ಮ ಎಲ್ಲಿ?"

"ಮನೇಲಿರು, ಬರಬೇಡ ಅಂದೆ" ಎಂದಳು ಅಕ್ಕ. "ಅಳೋರು ಯಾಕೆ ಇಲ್ಲಿ?"

ಅವಳಿಂದ ಬೆರಳು ನೋಡಿಸಬೇಕೆಂದು ಊರಿನಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ, ನನಗೂ ಅನ್ನಿಸಿರಲಿಲ್ಲ. ಹಗುರಾದವರ ಮೇಲೆ ಯಾರು ಹಠ ಕೂರುತ್ತಾರೆ? ಬೇಕಾದ್ದನ್ನು ಕೇಳುವ ಮೊದಲೇ ಕೊಟ್ಟುಬಿಡುತ್ತಾರಲ್ಲ. ನಾನು ಮನೆಗೆ ಓಡಿದೆ. ಜವರಮ್ಮ ಒಳಗಿನ ಬಾಗಿಲಿಗೆ ಎರಡೂ ಕೈ ಊರಿಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಳೋ. "ಬಾ" ಅಂದೆ. "ಹೂಂ" ಅಂದಳು. ನನಗಿಂತ ಮುಂದೆ ಓಡಿದಳು.

ನಾಲೆಗಿಳಿದು ಮಗಳ ಬೆರಳು ಹಿಡಿದಳು. ಬೆರಳು ಮಡಚಲಿಲ್ಲ. ಏರಿಯ ಮೇಲೆ ಒಂದು ಗುಜುಗುಜು ಎದ್ದು ಅಡಗಿತು.

ನೀಲಿ ಬಾಯಿ ಬಿಟ್ಟಳು. "ನನ್ನ ಅತ್ತೆ ಮನೆಗೆ ಕಳಿಸಲ್ಲ ಅನ್ನಮ್ಮ."

"ಇಷ್ಟೇನಾ?" ಎಂದಳು ಅಕ್ಕ ಮೇಲಿನಿಂದ, ನಗುತ್ತಾ. "ಜವರಿ, ಕಳಿಸಲ್ಲ ಅಂತ ಹೇಳು. ಎದ್ದು ಬರ್ತಾಳೆ. ಮಿಕ್ಕಿದ್ದು ನಾಳೆ ನೋಡ್ಕೊಳೋಣ."

"ಹೂಂ" ಎಂದಳು ಜವರಮ್ಮ. "ಕಳಿಸಲ್ಲ."

ನೀಲಿ ಏಳಲಿಲ್ಲ. "ಅತ್ತೆ ಹೇಳ್ಕೊಟ್ಟಿದ್ದು ಬೇಡ. ನಿಂದು ಹೇಳು."

ಅಕ್ಕನಿಗೆ ಅದೇನು ತೋಚಿತೋ, ಪರೀಕ್ಷೆಗೋ ತಮಾಷೆಗೋ, "ಜವರಿ, ಈಗ ಕಳಿಸ್ತೀನಿ ಅನ್ನು ನೋಡಾಣ" ಎಂದಳು. "ಹೂಂ. ಕಳಿಸ್ತೀನಿ" ಎಂದಳು ಜವರಮ್ಮ. ಜನ ನಕ್ಕರು. ಗಿರಣಿಗೆ ದಿನಾ ಬರುವವರೇ, ನನ್ನ ಕೈಯಿಂದ ಡಬ್ಬ ತೆಗೆದುಕೊಂಡು ಹೋಗುವವರೇ ನಕ್ಕರು. ನೀಲಿ ತಾಯಿಯ ಮುಖವನ್ನು ನೋಡುತ್ತಿದ್ದ ರೀತಿ ಮಾತ್ರ ನನಗೆ ಗೊತ್ತಿತ್ತು. ಆ ಮೂರನೇ ಹೂಂ ಕೇಳಿದ ದಿನ ನಾನೂ ಹಾಗೇ ನೋಡಿದ್ದೆ.

"ಯಾರೋ ಹೇಳ್ಕೊಟ್ಟು ಕೂರಿಸವ್ರೆ ಮಗೂನ" ಎಂದಳು ಅಕ್ಕ, ಈ ಸಲ ನಗದೆ. ಯಾರು ಎಂದು ಅವಳು ಹೇಳಲಿಲ್ಲ. ಎಲ್ಲರೂ ಪಕ್ಕದವರನ್ನು ನೋಡಿದರು.

ತೂಬಿನ ಆಚೆ ಏನೋ ಸದ್ದಾಯಿತು. ಒಣಗಿದ ಎಲೆಗಳನ್ನು ಯಾರೋ ಗುಡಿಸುತ್ತಾ ಬರುವ ಹಾಗೆ. ಹಲಗಯ್ಯ ಓಡಿಹೋಗಿ ಹಲಗೆಯ ತಿರುಗಣೆಗೆ ಎದೆ ಕೊಟ್ಟು ನಿಂತ. ಅವನ ಮುಖದ ಬಣ್ಣ ನೋಡಿದ ಮೇಲೆ ಅವನನ್ನು ನಂಬಿದೆ. ಹಲಗೆಯ ಸಂದಿನಿಂದ ನೀರು ಹಗ್ಗದ ಹಾಗೆ ಚಿಮ್ಮಿ ಸಿಮೆಂಟಿನ ಮೇಲೆ ಹರಡಿತು. ನೀಲಿಯ ಲಂಗ ಒದ್ದೆಯಾಯಿತು. ಅವಳು ಶಾಲೆಯ ಚೀಲವನ್ನು ತಲೆಯ ಮೇಲೆ ಇಟ್ಟುಕೊಂಡಳು.

ನನಗೆ ಆಗ ತೋಚಿದ್ದು ಹೆಂಡತಿಯನ್ನಾದರೂ ಮೇಲೆ ಕಳಿಸೋಣ ಎಂದು. ಮಗಳ ಹತ್ತಿರ ನಾನಿರುತ್ತೇನೆ, ನೀರು ಏರಿದಷ್ಟೂ ಅವಳ ಬಾಯಿ ಮೂಗಿಗೆ ಏನಾದರೂ ಮಾಡುತ್ತೇನೆ, ಬಿದಿರಿನ ಕೊಳವೆ ಕೊಡುತ್ತೇನೆ ಎಂದೆಲ್ಲ ತಲೆಯೊಳಗೆ ಓಡುತ್ತಿತ್ತು. "ಜವರಮ್ಮ, ನೀನು ಮೇಲೆ ಹೋಗು" ಎಂದೆ.

ಅವಳು ಹೂಂ ಅನ್ನಲಿಲ್ಲ.

ಕೇಳಿಸಲಿಲ್ಲವೆಂದು ಇನ್ನೊಮ್ಮೆ ಜೋರಾಗಿ ಹೇಳಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮಗಳ ಪಕ್ಕ ಕೂತಳು, ಆ ನೀರಿನಲ್ಲೇ. "ಬಾ ಅಂದ್ರೆ!" ಎಂದು ಅವಳ ತೋಳು ಹಿಡಿದು ಎಳೆದೆ. ನನ್ನ ಕಾಲೇ ಜಾರಿತು, ಅವಳು ಕದಲಲಿಲ್ಲ. ಕಿರುಬೆರಳು ಹಿಡಿದೆ. ಮಡಚಲು ನೋಡಿದೆ, ಎರಡು ಕೈಯಿಂದ ನೋಡಿದೆ.

ಹಗುರಾದವರು ಮತ್ತೆ ಕೂತದ್ದನ್ನು ನಮ್ಮೂರಿನಲ್ಲಿ ಯಾರೂ ಕಂಡಿಲ್ಲ.

"ನನ್ನ ಮಗಳನ್ನ ನಾನು ಕಳಿಸಲ್ಲ" ಎಂದಳು ಜವರಮ್ಮ. ಅವಳ ದನಿ ಒಡಕು ಒಡಕಾಗಿತ್ತು, ಬಹಳ ದಿನ ತೆಗೆಯದ ಬಾಗಿಲಿನ ಹಾಗೆ. "ಹೂಂ ಅಂದಿದ್ದು ಬಾಯಿ. ನನಗೆ ಇಷ್ಟ ಇಲ್ಲ. ಅವತ್ತೂ ಇರ್ಲಿಲ್ಲ."

ನೀಲಿ ಎದ್ದು ನಿಂತಳು. ಏಳುವುದಕ್ಕೆ ಏನೂ ಕಷ್ಟವೇ ಇರಲಿಲ್ಲವೆಂಬಂತೆ ಎದ್ದು, ತಾಯಿಯ ಕೈ ಹಿಡಿದು, "ಬಾಮ್ಮ" ಎಂದಳು. ಆದರೆ ಜವರಮ್ಮ ನನ್ನನ್ನು ನೋಡುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳು ಹಾಗೆ ನೇರ ನೋಡಿದ್ದು ನನಗೆ ನೆನಪಿಲ್ಲ.

"ನಿನಗೇನು ಬೇಕು?" ಎಂದೆ.

"ನೀವು ಹೇಳಿ. ನಿಮ್ಮಕ್ಕನಿಗೆ. ಜವರಿ ಹಿಂಗಂತಾಳೆ, ಹಂಗಂತಾಳೆ ಅಂತ ಅಲ್ಲ. ನೀವು ಕಳಿಸಲ್ಲ ಅಂತ ನೀವು ಹೇಳಿ."

ನೀರು ಅವಳ ಸೊಂಟಕ್ಕೆ ಬಂದಿತ್ತು. ಹಲಗಯ್ಯ, "ಅಣ್ಣಾ, ಆಗಾಕಿಲ್ಲ ಕಣಣ್ಣ, ಕೈ ಬಿಡ್ತದೆ!" ಎಂದು ಕೂಗುತ್ತಿದ್ದ. ನಾನು ತಿರುಗಿ ನೋಡಿದೆ. ಅಕ್ಕ ಛತ್ರಿ ಮಡಚಿಕೊಂಡು ಏರಿಯ ತುದಿಗೆ ಬಂದು ನಿಂತಿದ್ದಳು.

"ಅಕ್ಕಾ, ನೀಲಿನ ನಾನು ಕಳಿಸಲ್ಲ" ಎಂದೆ.

ಅಕ್ಕ ನಕ್ಕಳು. ತಲೆದೂಗಿದಳು. ಬೇರೆಯವರಿಗೆ ಕಾಣದ ಹಾಗೆ, ಚಿಕ್ಕಂದಿನಲ್ಲಿ ಅಪ್ಪನಿಗೆ ತಿಳಿಯದಂತೆ ನನಗೆ ಬೆಲ್ಲದ ಚೂರು ಕೊಡುವಾಗ ಮಾಡುತ್ತಿದ್ದಂತೆ, ಒಂದು ಕಣ್ಣು ಮಿಟುಕಿಸಿದಳು. "ಆಯ್ತಪ್ಪ, ಕಳಿಸ್ಬೇಡ" ಎಂದಳು.

ಜವರಮ್ಮನ ಬೆರಳು ನನ್ನ ಕೈಯಲ್ಲಿ ಮಡಚಿತು. ಮೂವರೂ ಏರಿ ಹತ್ತಿದೆವು. ಹಿಂದೆಯೇ ಹಲಗಯ್ಯ ತಿರುಗಣೆ ಬಿಟ್ಟ. ತಾಯಿ ಮಗಳು ಕೂತಿದ್ದ ಜಾಗದಲ್ಲಿ ಕೆಂಪು ನೀರು ಸುಳಿ ತಿರುಗುತ್ತಾ ಹೋಯಿತು.

ಮನೆಗೆ ಬರುವ ದಾರಿಯಲ್ಲಿ ಸಿಕ್ಕವರೆಲ್ಲ ನನ್ನ ಬೆನ್ನು ತಟ್ಟಿದರು. "ಭಾರಿ ಸಮಯಕ್ಕೆ ಸುಳ್ಳು ಹೊಡೆದೆ ಬಿಡು!" ಎಂದ ಒಬ್ಬ. ಮೇಷ್ಟ್ರು ಕಿವಿಯ ಹತ್ತಿರ ಬಂದು, "ಒಂದೇ ಏಟಿಗೆ ಇಬ್ಬರನ್ನೂ ಎಬ್ಬಿಸಿದ್ರಿ, ಅವಳ ಮಾತೂ ನಿಮ್ಮ ಮಾತೂ ನಾಳೆ ಒಟ್ಟಿಗೇ ಸುಳ್ಳಾಗುತ್ತೆ, ತಾಯಿ ಮಗಳಿಬ್ಬರೂ ಹಗುರ. ಇನ್ನು ಮೇಲೆ ಮನೇಲಿ ನೆಮ್ಮದಿ" ಎಂದರು. ಸಣ್ಣಜ್ಜಿ ಮಾತ್ರ ಜವರಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಷ್ಟು ವರ್ಷ ನಮ್ಮನೆಲ್ಲ ಆಟ ಆಡಿಸಿದ್ಯೇನೇ ತಾಯಿ? ನಿಜವಾಗ್ಲೂ ಹಗುರ ಇದ್ದೆಯೋ, ಇಲ್ವೋ?" ಎಂದು ಕೇಳಿದಳು. ಜವರಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಆ ಪ್ರಶ್ನೆ ನನಗೂ ಇತ್ತು. ಈಗಲೂ ಇದೆ.

ನಾನು ಹೇಳಿದ್ದು ಸುಳ್ಳೋ ನಿಜವೋ ಎಂಬುದು ನನಗೇ ಗೊತ್ತಿರಲಿಲ್ಲ. ನೀರು ಕಂಡು ಬಾಯಿಗೆ ಬಂದದ್ದು ಅದು. ಅದು ಯಾವುದಾಗುತ್ತದೆ ಎಂಬುದು ಮಾರನೆಯ ದಿನ ಅಕ್ಕ ಬಂದಾಗ ತೀರ್ಮಾನವಾಗಬೇಕಿತ್ತು. ತಾಯಿ ಮಗಳಿಗೂ ಅದು ತಿಳಿದಿತ್ತು. ಊಟ ಬಡಿಸುವಾಗ ಜವರಮ್ಮ ನನ್ನ ಕೈಯನ್ನು ನೋಡುತ್ತಿದ್ದಳು, ನೀಲಿ ಬಾಯಿಯನ್ನು ನೋಡುತ್ತಿದ್ದಳು. ಇಷ್ಟು ದಿನ ಅನುಮಾನ ಪಡುವವನು ನಾನಾಗಿದ್ದೆ. ಅವತ್ತು ಅವರ ಸರದಿ.

ಭಾನುವಾರ ಬೆಳಿಗ್ಗೆ ಅಕ್ಕ ಆಟೋದಲ್ಲಿ ಬಂದಳು. ನೀಲಿಗೆಂದು ಹೊಸ ಲಂಗದ ಬಟ್ಟೆ ತಂದಿದ್ದಳು, ಹಸಿರು, ಅಂಚಿಗೆ ಜರಿ. "ಎಲ್ಲಿ, ನನ್ನ ಸೊಸೆ ರೆಡಿನಾ? ಬಾರೇ, ಹೊರಡು" ಎಂದಳು. ನೀಲಿ ಎದ್ದು ನಿಂತಳು. ಅವಳ ಬಾಯಿ ಸ್ವಲ್ಪ ತೆರೆದಿತ್ತು. ಒಳಗಿನಿಂದ ಒಂದು ಹೂಂ ಹೊರಡಲು ತಯಾರಾಗುತ್ತಿರುವುದು ನನಗೆ ಕಂಡಿತು. ಆ ಬಾಯಿಯ ಆಕಾರ ನನಗೆ ಚೆನ್ನಾಗಿ ಗೊತ್ತು. ಜವರಮ್ಮನ ಭುಜಗಳು ಕೂಡ ಆಗಲೇ ಇಳಿಯತೊಡಗಿದ್ದವು.

"ಅಕ್ಕ, ಕಳಿಸಲ್ಲ. ನಿನ್ನೆ ಹೇಳಿದ್ನಲ್ಲ" ಎಂದೆ.

"ಅದು ನಾಲೇಲಿ ಹೇಳಿದ್ದು."

"ಮನೇಲೂ ಅದೇ."

ಅಕ್ಕ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ನಾನು ಹೆದರಿದೆ, ಇವಳೂ ಕೂತಳಾ ಎಂದು. ಇಲ್ಲ, ಸುಸ್ತಾಗಿ ಕೂತದ್ದು. "ಆ ಮನೇಲಿ ನನ್ನ ಸದ್ದು ಬಿಟ್ರೆ ಇನ್ನೊಂದು ಸದ್ದಿಲ್ಲ ಕಣೋ" ಎಂದಳು. "ಗೊತ್ತು ಅಕ್ಕ" ಎಂದೆ. "ನಿನ್ನ ತೊಳೆದು ಬಳಿದು ಬೆಳೆಸಿದೀನಿ." "ಗೊತ್ತು." "ಎದುರಾಡದೇ ಇರೋ ಒಂದು ಮಗು ಕೇಳ್ದೆ, ಅಷ್ಟೇ ಅಲ್ವಾ?" ಎಂದಳು. ಅವಳು ಜವರಮ್ಮನ ಕಡೆ ತಿರುಗಿ, "ಜವರಿ, ಒಂದು ಲೋಟ ನೀರು ಕೊಡು" ಎಂದಳು. ಜವರಮ್ಮ ಒಳಗೆ ಹೋಗಿ ನೀರು ತಂದುಕೊಟ್ಟಳು. ಅಕ್ಕ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ನನ್ನ ಮುಂದೆ ಕೈ ಚಾಚಿದಳು.

"ಗಿರಣಿ ಬೀಗದ ಕೈ."

ಮೊಳೆಗೆ ನೇತುಹಾಕಿದ್ದ ಬೀಗದ ಕೈ ತಂದುಕೊಟ್ಟೆ. ತಿಂಗಳ ಕೊನೆಗೆ ಮನೆಯನ್ನೂ ಬಿಟ್ಟೆವು.

ಈಗ ನಾನು ಅಕ್ಕಿ ಮಂಡಿಯಲ್ಲಿ ಮೂಟೆ ಹೊರುತ್ತೇನೆ. ಜವರಮ್ಮ ಎರಡು ಮನೆಯ ಕೆಲಸಕ್ಕೆ ಹೋಗುತ್ತಾಳೆ. ಮೂರನೆಯವರು ಕರೆದಾಗ ಆಗಲ್ಲ ಅಂದಳಂತೆ, ಅವರು ಊರೆಲ್ಲ ಹೇಳಿಕೊಂಡು ಬಂದರು. ನೀಲಿ ಶಾಲೆಗೆ ಹೋಗುತ್ತಿದ್ದಾಳೆ. ಮಗಳನ್ನು ಸುಳ್ಳು ಹೇಳಿ ಎಬ್ಬಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಎಬ್ಬಿಸಲಿಲ್ಲ.